ಗೊತ್ತಿದ್ದೂ ದೂರ: ಓದಿದವರು ಮತ್ತು ಮಾನಸಿಕ ಕಾಯಿಲೆ

(ಕಾಲೇಜು ಅಧ್ಯಾಪಕರು ಮತ್ತು ಕಚೇರಿ ಉದ್ಯೋಗಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಬೆಂಗಳೂರಿನಲ್ಲಿ ಗೆಳೆಯನೊಬ್ಬ ಏನಾದರೂ ಎಡವಟ್ಟು ಮಾಡಿದರೆ 'ನಿನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಕಣೋ' ಅನ್ನುತ್ತೇವೆ. ಉತ್ತರ ಕರ್ನಾಟಕದ ಕಡೆ ಅದೇ ಮಾತಿಗೆ ಧಾರವಾಡದ ಹೆಸರು ಬರುತ್ತದೆ. ಎರಡೂ ಕಡೆಯ ಆಸ್ಪತ್ರೆಗಳ ಬೇರು 1840ರ ದಶಕದ ಹುಚ್ಚಾಸ್ಪತ್ರೆಗಳಲ್ಲಿದೆ. ಹೆಸರು, ಕಟ್ಟಡ, ಔಷಧಿ ಎಲ್ಲವೂ ಬದಲಾದವು, ಈ ತಮಾಷೆ ಮಾತ್ರ ಕೂತಲ್ಲೇ ಕೂತಿದೆ. ಇದನ್ನು ಹೇಳುವವರು ಯಾರು? ಇಂಜಿನಿಯರಿಂಗ್ ಕಾಲೇಜಿನ ಕ್ಯಾಂಟೀನಿನಲ್ಲಿ, ಬ್ಯಾಂಕಿನ ಊಟದ ಕೋಣೆಯಲ್ಲಿ, ಆಸ್ಪತ್ರೆಯ ಡ್ಯೂಟಿ ರೂಮಿನಲ್ಲೇ ಇದು ಕೇಳಿಬರುತ್ತದೆ. ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ ಬಂದರೆ ಅದೇ ಜನ 'ಮನಸ್ಸಿನ ಕಾಯಿಲೆಯೂ ಬಿಪಿ, ಶುಗರ್ ಇದ್ದ ಹಾಗೆ' ಎಂಬ ಪೋಸ್ಟರ್ ಹಿಡಿದು ಫೋಟೋಗೆ ನಿಲ್ಲುತ್ತಾರೆ. ಎರಡೂ ಒಂದೇ ತಲೆಯೊಳಗೆ ಜಗಳವಾಡದೆ ಬಾಳುತ್ತವೆ. ಇವತ್ತಿನ ಮಾತು ಈ ಸಂಸಾರದ ಬಗ್ಗೆ.

ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇದ್ದ ವಯಸ್ಕರು 10.6%. ಕಾಯಿಲೆ ಯಾವುದು ಅನ್ನುವುದರ ಮೇಲೆ, 70ರಿಂದ 92% ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಚಿಕಿತ್ಸೆ ಪಡೆಯದವರೆಂದರೆ ಹಳ್ಳಿಯವರು, ಮಂತ್ರವಾದಿಯ ಹತ್ತಿರ ಹೋಗುವವರು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಅದೇ ಸಮೀಕ್ಷೆಯಲ್ಲಿ ಕಾಯಿಲೆಯ ಪ್ರಮಾಣ ಹೆಚ್ಚಿದ್ದದ್ದು ಮಹಾನಗರಗಳಲ್ಲಿ. ವೈದ್ಯರ ಕೊರತೆ ನಿಜ, ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಆದರೆ ಮನೋವೈದ್ಯರ ಬೋರ್ಡು ನೋಡಿಯೇ ಮುಂದಿನ ತಿರುವಿನಲ್ಲಿ ಆಟೋ ಇಳಿಯುವವರ ಕಷ್ಟ ಕೊರತೆಯದಲ್ಲ.

ತಿಳಿವಳಿಕೆ ಹೆಚ್ಚಿದರೆ ಭಯ ಇಳಿಯುತ್ತದೆ ಎಂದು ಬಹಳ ಕಾಲ ನಂಬಿದ್ದೆವು. ಅಮೆರಿಕದಲ್ಲಿ 1996ರಲ್ಲಿ ಮತ್ತು 2006ರಲ್ಲಿ ಮಾನಸಿಕ ಕಾಯಿಲೆಯ ಬಗ್ಗೆ ಜನರ ಅಭಿಪ್ರಾಯವನ್ನು ಒಂದೇ ಬಗೆಯ ಪ್ರಶ್ನೆಗಳಿಂದ ಅಳೆದರು. ಹತ್ತು ವರ್ಷದಲ್ಲಿ 'ಇದು ಮೆದುಳಿನ ಕಾಯಿಲೆ' ಎಂದು ಒಪ್ಪುವವರು ಹೆಚ್ಚಾದರು, 'ಚಿಕಿತ್ಸೆ ಬೇಕು' ಎನ್ನುವವರೂ ಹೆಚ್ಚಾದರು. ಆದರೆ ಕಾಯಿಲೆಯವರನ್ನು ದೂರ ಇಡುವುದು ಕಡಿಮೆಯಾಗಲಿಲ್ಲ. ಯಾಕೆ ಎಂದು ಯೋಚಿಸಿದರೆ ಅಷ್ಟೇನೂ ಕಗ್ಗಂಟಲ್ಲ. 'ಮೆದುಳಿನ ಕಾಯಿಲೆ' ಎಂದ ಕೂಡಲೇ ರೋಗಿಯ ಮೇಲಿನ ತಪ್ಪು ಇಳಿಯುತ್ತದೆ, ಸರಿ. ಜೊತೆಗೇ 'ಹಾಗಾದ್ರೆ ಇದು ಹೋಗಲ್ಲ', 'ಹಾಗಾದ್ರೆ ವಂಶದಲ್ಲೇ ಇದೆ' ಎಂಬ ಎರಡು ಮಾತು ಬಾಗಿಲ ಸಂದಿಯಲ್ಲಿ ಒಳಗೆ ಬರುತ್ತವೆ. ನಮ್ಮಲ್ಲಿ ಎರಡನೆಯದು ನೇರವಾಗಿ ತಂಗಿಯ ಮದುವೆಗೆ ಹೋಗಿ ಮುಟ್ಟುತ್ತದೆ.

ಹಾಗಾಗಿ ಕಾಲೇಜಿನಲ್ಲಿ ಜಾಗೃತಿ ಕಾರ್ಯಕ್ರಮ ಮಾಡುವವರಿಗೆ ನನ್ನ ಸಲಹೆ: ಮೊದಲು ಅಳೆಯಿರಿ. ಅಳೆಯಬೇಕಾದ್ದು ತಿಳಿವಳಿಕೆಯನ್ನಲ್ಲ, ದೂರವನ್ನು. 1925ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಎಮೊರಿ ಬೊಗಾರ್ಡಸ್ ಜನಾಂಗಗಳ ನಡುವಿನ ದೂರ ಅಳೆಯಲು ಮೆಟ್ಟಿಲಿನಂಥ ಪ್ರಶ್ನಾವಳಿ ಮಾಡಿದರು. ಅದನ್ನೇ ಹೀಗೆ ಬಳಸಬಹುದು. ಎರಡು ಬಗೆಯ ಹಾಳೆ ತಯಾರಿಸಿ. ಒಂದರಲ್ಲಿ: 'ನಿಮ್ಮ ಪಕ್ಕದ ಮನೆಗೆ ಬಂದವರಿಗೆ 28 ವರ್ಷ, ಎಂ.ಕಾಂ. ಆಗಿದೆ, ಬ್ಯಾಂಕಿನಲ್ಲಿ ಕೆಲಸ. ಮೂರು ವರ್ಷದ ಹಿಂದೆ ಸ್ಕಿಜೋಫ್ರೇನಿಯಾ ಬಂದಿತ್ತು. ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಎರಡು ವರ್ಷದಿಂದ ತೊಂದರೆಯಿಲ್ಲದೆ ಕೆಲಸ ಮಾಡುತ್ತಿದ್ದಾರೆ.' (ಸ್ಕಿಜೋಫ್ರೇನಿಯಾ ಎಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ ಸಂಶಯ ಕಾಡುವ ತೀವ್ರ ಮಾನಸಿಕ ಕಾಯಿಲೆ.) ಇನ್ನೊಂದರಲ್ಲಿ ಎಲ್ಲವೂ ಇದೇ, ಕಾಯಿಲೆಯ ಹೆಸರಿನ ಜಾಗದಲ್ಲಿ ಟೈಪ್ 1 ಡಯಾಬಿಟಿಸ್, ಮಾತ್ರೆಯ ಜಾಗದಲ್ಲಿ ಇನ್ಸುಲಿನ್. ಕೆಳಗೆ ಆರು ಪ್ರಶ್ನೆ. ಇವರು ಪಕ್ಕದ ಮನೆಯಲ್ಲಿದ್ದರೆ ನಿಮಗೆ ಒಪ್ಪಿಗೆಯೇ? ಆಫೀಸಿನಲ್ಲಿ ಪಕ್ಕದ ಕುರ್ಚಿ? ನಿಮ್ಮ ಮನೆಯ ಮಹಡಿ ಬಾಡಿಗೆಗೆ? ಒಂದು ಗಂಟೆ ನಿಮ್ಮ ಮನೆಯ ಮಗುವನ್ನು ನೋಡಿಕೊಳ್ಳಲು? ನಿಮ್ಮ ಮೇಲಧಿಕಾರಿಯಾಗಿ? ನಿಮ್ಮ ಅಕ್ಕ ಅಥವಾ ತಂಗಿಗೆ ಗಂಡಾಗಿ? ಉತ್ತರಕ್ಕೆ 0ಯಿಂದ 3 (0 ಅಂದರೆ ಪೂರ್ತಿ ಒಪ್ಪಿಗೆ, 3 ಅಂದರೆ ಖಂಡಿತ ಬೇಡ), ಒಟ್ಟು 18. ಪ್ರತಿ ಬಗೆಗೆ ಕನಿಷ್ಠ 30 ಹಾಳೆ ಇರಲಿ, ಕಲೆಸಿ ಹಂಚಿ, ಪಕ್ಕದವನ ಹಾಳೆ ಬೇರೆ ಎಂದು ಗೊತ್ತಾಗಬಾರದು. ಮೊದಲ ಎರಡು ಪ್ರಶ್ನೆಗೆ ಸಾಮಾನ್ಯವಾಗಿ ಎಲ್ಲರೂ ಉದಾರಿಗಳು. ಮೆಟ್ಟಿಲು ಮನೆಯೊಳಗೆ ಏರುತ್ತಾ ಹೋದ ಹಾಗೆ ಎರಡು ಹಾಳೆಗಳ ನಡುವಿನ ಅಂತರ ಕಾಣಿಸುತ್ತದೆ.

ಇದು ಕೆಡುವುದು ಮೂರು ಕಡೆ. ಇಮೇಲ್ ಕೇಳುವ ಗೂಗಲ್ ಫಾರ್ಮ್ ಮಾಡಿದರೆ ಎಲ್ಲರೂ ಒಳ್ಳೆಯವರಾಗಿಬಿಡುತ್ತಾರೆ. ಹೆಸರಿಲ್ಲದ ಕಾಗದ, ರಟ್ಟಿನ ಡಬ್ಬಿ, ಅಷ್ಟೇ ಸಾಕು. ಎರಡನೆಯದು, 'ಮಾನಸಿಕ ಕಾಯಿಲೆ ಇರುವವರು' ಎಂದು ಮೊಗಮ್ಮಾಗಿ ಕೇಳುವುದು. ಒಬ್ಬರ ಕಣ್ಣಿಗೆ ಪರೀಕ್ಷೆಯ ಆತಂಕ ಬರುತ್ತದೆ, ಇನ್ನೊಬ್ಬರ ಕಣ್ಣಿಗೆ ಬಸ್ ಸ್ಟ್ಯಾಂಡಿನಲ್ಲಿ ತಲೆ ಬಾಚದೆ ಓಡಾಡುವವರು ಬರುತ್ತಾರೆ, ಕೂಡಿಸಿದ ಲೆಕ್ಕಕ್ಕೆ ಅರ್ಥವಿರುವುದಿಲ್ಲ. ಮೂರನೆಯದು ಓದಿದವರದೇ ವಿಶೇಷ: ಸರಿಯುತ್ತರ ಅವರಿಗೆ ಮೊದಲೇ ಗೊತ್ತು. ಅದಕ್ಕೇ ಅದೇ ಆರು ಪ್ರಶ್ನೆಯನ್ನು 'ನಿಮ್ಮ ಮನೆಯವರು ಏನನ್ನಬಹುದು?' ಎಂದು ಇನ್ನೊಮ್ಮೆ ಕೇಳಿ. 'ನಾನು ಒಪ್ಪುತ್ತೇನೆ, ಮನೆಯವರು ಒಪ್ಪುವುದಿಲ್ಲ' ಎಂಬ ಉತ್ತರ ರಾಶಿ ಬಿದ್ದರೆ, ಆ ಮನೆಯವರು ಯಾರ ಮನೆಯವರು ಎಂದು ತರಗತಿಯಲ್ಲಿ ಕೇಳಬಹುದು. ಚರ್ಚೆ ಅಲ್ಲಿಂದ ಶುರುವಾಗಲಿ. ಯಾರು ಏನು ಬರೆದರು ಎಂದು ಮಾತ್ರ ಕೆದಕಬೇಡಿ.

ಇನ್ನು ಮಾತಿನ ವಿಷಯ. 'ಖಿನ್ನತೆ' ಪತ್ರಿಕೆಯ ಪದ. ಬಾಯಲ್ಲಿ ಬರುವುದು 'ಬೇಜಾರು'. ಸಿನಿಮಾ ಚೆನ್ನಾಗಿಲ್ಲದಿದ್ದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಆರು ವಾರದಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದೆ 'ಯಾಕಾದ್ರೂ ಬೆಳಗಾಯ್ತೋ' ಅನ್ನಿಸಿದರೂ ಬೇಜಾರೇ. ಸೆಕೆಂಡ್ ಪಿಯು ಹುಡುಗ 'ಯಾಕೋ ಬೇಜಾರು ಸಾರ್' ಅಂದರೆ ಮೇಷ್ಟ್ರು 'ಮೊಬೈಲ್ ಬಿಡು, ಎಲ್ಲಾ ಸರಿಹೋಗುತ್ತೆ' ಅನ್ನುತ್ತಾರೆ. ಅವರ ತಪ್ಪಲ್ಲ, ಪದವೇ ಅಷ್ಟು ಅಗಲ. ಮುಂದೆ ಎರಡು ಪ್ರಶ್ನೆ ಕೇಳಬೇಕು: 'ಎಷ್ಟು ದಿನದಿಂದ?' ಮತ್ತು 'ಮೊದಲು ಇಷ್ಟವಾಗ್ತಿದ್ದದ್ದು ಈಗ ಆಗುತ್ತಾ?' ಎರಡು ವಾರ ದಾಟಿದ್ದರೆ, ಕ್ರಿಕೆಟ್ಟೂ ಬೇಡ ಊಟವೂ ಬೇಡ ಎನ್ನುವಂತಿದ್ದರೆ, ಅದು ಮೊಬೈಲಿನ ಬೇಜಾರಲ್ಲ. ಸೋಮಾರಿ ಹುಡುಗನಿಗೆ ಓದು ಮಾತ್ರ ಬೇಡ, ಉಳಿದದ್ದೆಲ್ಲ ಬೇಕು ಎಂಬ ಒಂದು ವ್ಯತ್ಯಾಸ ನೆನಪಿದ್ದರೂ ಎಷ್ಟೋ ಬೈಗುಳ ತಪ್ಪುತ್ತದೆ.

ದೊಡ್ಡವರಲ್ಲಿ ಬೇಜಾರು ಮೈಗೆ ಇಳಿಯುತ್ತದೆ. ತಲೆಭಾರ, ಸುಸ್ತು, ಮೈಕೈ ನೋವು, ಎಲ್ಲಕ್ಕಿಂತ ಮೇಲೆ ನಮ್ಮ ನಾಡಿನ ಸರ್ವರೋಗ 'ಗ್ಯಾಸ್ಟ್ರಿಕ್'. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ನೇರವಾಗಿ ನೋಡಿತು. ಮನೋವೈದ್ಯ ವಿಭಾಗಕ್ಕೆ ಬಂದ 80 ಹೊರರೋಗಿಗಳಲ್ಲಿ, ಖಿನ್ನತೆಯ ಲಕ್ಷಣ ಹೆಚ್ಚಿದ್ದವರಿಗೆ ಅವಮಾನದ ಭಯ ಹೆಚ್ಚಿತ್ತು. ಮೈನೋವಿನ ಲಕ್ಷಣ ಹೆಚ್ಚಿದ್ದವರಿಗೆ ಅದು ಕಡಿಮೆ. ಕಾರಣ ಸರಳ, ಮೈನೋವು ಎಲ್ಲರಿಗೂ ಬರುತ್ತದೆ, ಹೇಳಿಕೊಂಡರೆ ಮರ್ಯಾದೆ ಹೋಗುವುದಿಲ್ಲ. ಹೀಗಾಗಿ ಓದಿದ ರೋಗಿಯ ದಾರಿ ಇಂತಿರುತ್ತದೆ: ಮೊದಲು ಫಿಸಿಶಿಯನ್, ಆಮೇಲೆ ಥೈರಾಯ್ಡ್, ಬಿ12, ವಿಟಮಿನ್ ಡಿ, ಆಮೇಲೆ ಇಸಿಜಿ, ಎಂಡೋಸ್ಕೋಪಿ, ನ್ಯೂರಾಲಜಿಸ್ಟ್, ಎಂಆರ್‌ಐ. ಎಲ್ಲಾ ನಾರ್ಮಲ್ ಬಂದಾಗ ಸಮಾಧಾನವಾಗುವ ಬದಲು ಇನ್ನೊಬ್ಬ ಡಾಕ್ಟರು. (ಥೈರಾಯ್ಡ್ ಮತ್ತು ಬಿ12 ನೋಡುವುದು ಸರಿಯೇ, ಎರಡೂ ಖಿನ್ನತೆಯಂತೆ ಕಾಣಿಸಬಲ್ಲವು. ತಪ್ಪಿರುವುದು ಅಲ್ಲಿಂದ ಮುಂದೆ ಹೋಗದಿರುವುದರಲ್ಲಿ.) ಕೊನೆಗೆ ಮನೋವೈದ್ಯರ ಹತ್ತಿರ ಬಂದಮೇಲೂ ನೆಂಟರಿಗೆ ಹೇಳುವುದು 'ನರದ ಡಾಕ್ಟರಿಗೆ ತೋರಿಸ್ತಿದೀವಿ' ಎಂದು. ನಿಮ್ಹಾನ್ಸ್‌ನ ಹೆಸರಿನಲ್ಲೇ ನರವಿಜ್ಞಾನವೂ ಇರುವುದು ಎಷ್ಟು ಸಂಸಾರಗಳ ಮಾನ ಕಾಪಾಡಿದೆಯೋ.

ಓದಿದವರು ಮಾತ್ರೆಯ ವಿಷಯದಲ್ಲಿ ಮಾಡುವ ತಪ್ಪು ಇನ್ನೂ ವಿಚಿತ್ರ, ಸ್ವಲ್ಪ ನಿಂತು ನೋಡೋಣ. 'ಮಾತ್ರೆ ಅಭ್ಯಾಸ ಆಗಿಬಿಡುತ್ತೆ' ಎಂಬುದು ಎಲ್ಲರ ಹೆದರಿಕೆ. ಯಾವ ಮಾತ್ರೆ? ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್‌ನಂಥ ಖಿನ್ನತೆಯ ಮಾತ್ರೆಗಳಿಗೆ ಚಟ ಹತ್ತುವುದಿಲ್ಲ. ದಿನ ಹೋದ ಹಾಗೆ ಡೋಸು ಏರಿಸಬೇಕು ಅನ್ನಿಸುವುದಿಲ್ಲ, ಸಿಗದಿದ್ದರೆ ಹುಡುಕಿಕೊಂಡು ಓಡುವುದಿಲ್ಲ. ಅಲ್ಪ್ರಜೋಲಾಮ್‌ನಂಥ ನಿದ್ದೆ-ಆತಂಕದ ಮಾತ್ರೆಗೆ, ಕೆಲವು ವಾರ ದಿನವೂ ನುಂಗಿದರೆ, ಚಟ ಹತ್ತಬಹುದು. ನಾವು ಮಾಡುವುದು ತದ್ವಿರುದ್ಧ. ಮೊದಲನೆಯದಕ್ಕೆ ಹೆದರಿ ಚೀಟಿ ಹರಿಯುತ್ತೇವೆ, ಎರಡನೆಯದನ್ನು ಸಹೋದ್ಯೋಗಿಯ ಬ್ಯಾಗಿನಿಂದ ಇಸಿದುಕೊಂಡು 'ಅರ್ಧ ತಗೊಂಡೆ, ಚೆನ್ನಾಗಿ ನಿದ್ದೆ ಬಂತು' ಅನ್ನುತ್ತೇವೆ. ಅಲ್ಪ್ರಜೋಲಾಮ್ ಔಷಧ ಕಾನೂನಿನ ಎಚ್1 ಪಟ್ಟಿಯಲ್ಲಿದೆ. ಚೀಟಿಯಿಲ್ಲದೆ ಮಾರುವಂತಿಲ್ಲ, ಮೆಡಿಕಲ್ ಶಾಪಿನವರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಖಿನ್ನತೆಯ ಮಾತ್ರೆ ಹೀಗೆ ನಿದ್ದೆ ತರಿಸಿ ತಕ್ಷಣ ಮೆಚ್ಚಿಸುವುದಿಲ್ಲ. ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು, ಕೆಲವರಿಗೆ ಚಡಪಡಿಕೆ. ಗುಣ ಕಾಣುವುದು ಎರಡರಿಂದ ನಾಲ್ಕು ವಾರಕ್ಕೆ, ಪೂರ್ತಿ ಗೊತ್ತಾಗುವುದು ಆರು ವಾರಕ್ಕೆ. ಅಂದರೆ ತೊಂದರೆ ಮೊದಲು, ಲಾಭ ಆಮೇಲೆ. ನೆಟ್‌ನಲ್ಲಿ ಅಡ್ಡಪರಿಣಾಮಗಳ ಉದ್ದ ಪಟ್ಟಿ ಓದಿದವರು ಹತ್ತನೇ ದಿನಕ್ಕೆ ಬಿಡುತ್ತಾರೆ. ಇದನ್ನು ದಾಟಿದವರು ಎರಡನೇ ತಿಂಗಳು 'ಈಗ ಚೆನ್ನಾಗಿದೀನಲ್ಲ' ಎಂದು ಬಿಡುತ್ತಾರೆ. ಚೆನ್ನಾದಮೇಲೂ ಆರರಿಂದ ಒಂಬತ್ತು ತಿಂಗಳು ಅದೇ ಡೋಸು ಮುಂದುವರಿಯಬೇಕು, ಆಮೇಲೆ ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ಮೈಯಲ್ಲಿ ಕರೆಂಟು ಹೊಡೆದ ಹಾಗೆ ಜುಮ್ಮೆನ್ನುವುದು ಶುರುವಾಗಬಹುದು. ಆಗ ರೋಗಿ 'ನೋಡಿ, ಚಟ ಹತ್ತಿಬಿಟ್ಟಿದೆ' ಎಂದು ತನ್ನ ಮೊದಲ ಹೆದರಿಕೆಗೆ ತಾನೇ ಮುದ್ರೆ ಒತ್ತುತ್ತಾನೆ. ಇಪ್ಪತ್ತೈದರೊಳಗಿನವರಿಗೆ ಈ ಮಾತ್ರೆ ಶುರುಮಾಡಿದಾಗ ಮೊದಲ ಕೆಲವು ವಾರ ಸಾಯುವ ಯೋಚನೆ ಹೆಚ್ಚುತ್ತದೆಯೇ ಎಂದು ಕಣ್ಣಿಡಬೇಕು. ಹಾಸ್ಟೆಲಿನಲ್ಲಿ ಗುಟ್ಟಾಗಿ ನುಂಗುವ ಹುಡುಗಿಯ ಮೇಲೆ ಆ ಕಣ್ಣಿಡುವವರು ಯಾರೂ ಇರುವುದಿಲ್ಲ.

ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಮುಕ್ಕಾಲು ಪಾಲು 24 ವರ್ಷದೊಳಗೆ ತಲೆ ಎತ್ತುತ್ತವೆ, ಅಂದರೆ ಅಧ್ಯಾಪಕರಾದ ನಿಮ್ಮ ಕಣ್ಣೆದುರಿಗೇ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044 ಎಂದು ಅಪರಾಧ ದಾಖಲೆ ಬ್ಯೂರೋ ಲೆಕ್ಕ ಹೇಳುತ್ತದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ಇಡಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಇಟ್ಟರೂ ಹುಡುಗರು ಹೋಗುವುದಿಲ್ಲ ಎಂದು ದೂರುವ ಮುನ್ನ ಆ ಕೋಣೆ ಎಲ್ಲಿದೆ ನೋಡಿ. ಪ್ರಿನ್ಸಿಪಾಲರ ಚೇಂಬರ್ ಪಕ್ಕ, ದೊಡ್ಡ ಬೋರ್ಡು, ಹೊರಗೆ ಬೆಂಚು, ಬೆಂಚಿನೆದುರು ಫೀಸು ಕಟ್ಟುವ ಕ್ಯೂ. ಸಮಾಲೋಚಕರೇ ಶಿಸ್ತು ಸಮಿತಿಯ ಸದಸ್ಯರು. ಹಾಜರಾತಿ ಕಮ್ಮಿಯಾದವರಿಗೆ 'ಮೂರು ಸಲ ಕೌನ್ಸೆಲಿಂಗ್' ಎಂದು ದಂಡ ಹಾಕುತ್ತಾರೆ. ದಂಡ ಕಟ್ಟುವ ಜಾಗಕ್ಕೆ ದುಃಖ ಹೇಳಿಕೊಳ್ಳಲು ಯಾರು ಹೋಗುತ್ತಾರೆ? ಲೈಬ್ರರಿ ಮಹಡಿಯಲ್ಲಿ, ಎರಡು ಬಾಗಿಲಿರುವ, ಬೋರ್ಡಿಲ್ಲದ ಕೋಣೆ ಇರಲಿ. ಸಮಯ ಕಾಯ್ದಿರಿಸುವುದು ಫೋನಿನಲ್ಲೇ ಆಗಲಿ. ತಿಂಗಳ ವರದಿಯಲ್ಲಿ ಬಂದವರ ಸಂಖ್ಯೆ ಮಾತ್ರ ಹೋಗಲಿ, ಹೆಸರು ಬೇಡ.

ನಿಮ್ಮಲ್ಲೇ ಒಬ್ಬ ವಿದ್ಯಾರ್ಥಿ ಬಂದರೆ, ಅಥವಾ ನೀವೇ ಕರೆದರೆ, ಇಪ್ಪತ್ತು ನಿಮಿಷ ಎತ್ತಿಡಿ. ಸ್ಟಾಫ್ ರೂಮಿನಲ್ಲಿ ಬೇಡ. ಕಂಡದ್ದನ್ನು ಹೇಳಿ, ತೀರ್ಪು ಹೇಳಬೇಡಿ: 'ಮೂರು ವಾರದಿಂದ ಹಿಂದಿನ ಬೆಂಚಲ್ಲಿ ಕೂರ್ತಿದೀಯ, ಲ್ಯಾಬಿಗೂ ಬರ್ತಿಲ್ಲ. ಏನಾಗ್ತಿದೆ?' ಆಮೇಲೆ ಸುಮ್ಮನಿರಿ. ಸಂಶಯವಿದ್ದರೆ ನೇರವಾಗಿ ಕೇಳಿ: 'ಸಾಯಬೇಕು ಅನ್ನೋ ಯೋಚನೆ ಬರ್ತಿದೆಯೇನಪ್ಪ?' ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಒಳಗಿರುವುದು ಹೊರಬರಲು ದಾರಿಯಾಗುತ್ತದೆ. ಹೌದು ಎಂದರೆ ಹೇಗೆ, ಯಾವಾಗ ಎಂದು ಯೋಚಿಸಿದ್ದಾನೆಯೇ ಕೇಳಿ. ಯೋಚಿಸಿದ್ದರೆ ಅವನನ್ನು ಒಂಟಿ ಬಿಡಬೇಡಿ, ಅವತ್ತೇ ಆಸ್ಪತ್ರೆ. 'ಯಾರಿಗೂ ಹೇಳಲ್ಲ' ಎಂಬ ಮಾತು ಕೊಡಬೇಡಿ, 'ನಿನ್ನ ಕೇಳದೆ ಹೇಳಲ್ಲ, ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಹೇಳಲೇಬೇಕಾಗುತ್ತೆ' ಎನ್ನಿ. ಮನೆಯವರಿಗೆ ಹೇಳುವಾಗ ಅವನನ್ನು ಜೊತೆಗೆ ಕೂರಿಸಿಕೊಂಡು ಹೇಳಿ. ಹಿಂದಿನಿಂದ ಫೋನ್ ಮಾಡಿ 'ನಿಮ್ಮ ಮಗನ ತಲೆ ಸರಿಯಿಲ್ಲ' ಎಂದರೆ ಅಪ್ಪ ಮರುದಿನ ಬಂದು ಹಾಸ್ಟೆಲ್ ಖಾಲಿ ಮಾಡಿಸುತ್ತಾರೆ, ನಿಮ್ಮ ಹತ್ತಿರ ಮತ್ತೊಬ್ಬ ಹುಡುಗ ಬರುವುದಿಲ್ಲ. 14416 ಎಂಬುದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಹಗಲು ರಾತ್ರಿ, ಕನ್ನಡದಲ್ಲೂ. ಸಂಖ್ಯೆ ಬರೆದುಕೊಡುವುದರ ಬದಲು ಅಲ್ಲೇ ಕೂತು ಡಯಲ್ ಮಾಡಿಸಿ. ಮೂರು ದಿನ ಬಿಟ್ಟು ಮತ್ತೆ ವಿಚಾರಿಸಿ. ಹೆಚ್ಚಿನವರು ಮರೆಯುವುದು ಈ ಮೂರನೇ ದಿನವನ್ನೇ. ಆತ್ಮಹತ್ಯೆಗೆ ಯತ್ನಿಸಿದ ಹುಡುಗನ ಮೇಲೆ ಕೇಸಾಗುತ್ತದೆಂಬ ಭಯ ಇನ್ನೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಅವನು ತೀವ್ರ ಒತ್ತಡದಲ್ಲಿದ್ದ ಎಂದೇ ಭಾವಿಸಬೇಕು, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ.

ವೈದ್ಯ ವಿದ್ಯಾರ್ಥಿಗಳು ಉಳಿದವರಿಗಿಂತ ಮೇಲೆಂದು ತಿಳಿಯಬೇಡಿ. ಅವರು ಮನೋವೈದ್ಯ ವಿಭಾಗದಲ್ಲಿ ಕಳೆಯುವುದು ಕೆಲವೇ ವಾರ. ಆ ವಾರಗಳಲ್ಲಿ ಕಾಣುವುದು ವಾರ್ಡಿನಲ್ಲಿರುವ ತೀರ ಕಷ್ಟದವರನ್ನು, ಮತ್ತೆ ಮತ್ತೆ ದಾಖಲಾಗುವವರನ್ನು. ಗುಣವಾಗಿ ಅಂಗಡಿ ನಡೆಸುತ್ತಿರುವವನು ಮೂರು ತಿಂಗಳಿಗೊಮ್ಮೆ ಐದು ನಿಮಿಷ ಬಂದು ಚೀಟಿ ಬರೆಸಿಕೊಂಡು ಹೋಗುತ್ತಾನೆ, ಅವನು ಇವರ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಎಂಬಿಬಿಎಸ್ ಮುಗಿದಾಗ ಕೈಗೆ ಬರುವುದು ತಿಳಿವಳಿಕೆ ಮತ್ತು ನಿರಾಶೆ, ಎರಡೂ ಒಟ್ಟಿಗೆ. ಮುಂದೆ ಇದೇ ವೈದ್ಯರು ಕ್ಯಾಶುವಾಲ್ಟಿಯಲ್ಲಿ ಎದೆನೋವಿನ ರೋಗಿಯ ಹಳೇ ಫೈಲಿನಲ್ಲಿ 'ಸೈಕಿಯಾಟ್ರಿ' ಎಂಬ ಪದ ಕಂಡು ಇಸಿಜಿ ತೆಗೆಸದೆ ಕಳಿಸುವ ಅಪಾಯವಿದೆ. ವಿದ್ಯಾರ್ಥಿಗಳನ್ನು ಫಾಲೋ-ಅಪ್ ಹೊರರೋಗಿ ವಿಭಾಗದಲ್ಲಿ ಹೆಚ್ಚು ಹೊತ್ತು ಕೂರಿಸಿದರೆ ಇದು ಬಹಳಷ್ಟು ಕಡಿಮೆಯಾಗುತ್ತದೆ.

ಮದುವೆ. ಇಲ್ಲಿ ಪದವಿಗಳೆಲ್ಲ ಬಾಗಿಲಾಚೆ ಉಳಿಯುತ್ತವೆ. 'ಮದುವೆ ಮಾಡಿದ್ರೆ ಸರಿಹೋಗ್ತಾನೆ' ಒಂದು ಕಡೆ, 'ಹೇಳಿದ್ರೆ ಯಾರು ಮಾಡ್ಕೋತಾರೆ' ಇನ್ನೊಂದು ಕಡೆ. ಎರಡೂ ಸೇರಿದರೆ ನಡೆಯುವುದು ಹೀಗೆ: ಬೈಪೋಲಾರ್ (ಮನಸ್ಸು ಕೆಲಕಾಲ ವಿಪರೀತ ಏರಿ, ಕೆಲಕಾಲ ಕುಸಿಯುವ ಕಾಯಿಲೆ) ಇರುವ ಹುಡುಗಿ ಮಾತ್ರೆಯಿಂದ ಚೆನ್ನಾಗಿದ್ದಾಳೆ. ಮದುವೆಯ ಹಿಂದಿನ ವಾರ ಮಾತ್ರೆಯ ಪಟ್ಟಿ ತವರಿನ ಬೀರುವಿನಲ್ಲೇ ಉಳಿಯುತ್ತದೆ. ಮದುವೆಮನೆಯಲ್ಲಿ ನಾಲ್ಕು ರಾತ್ರಿ ನಿದ್ದೆಯಿಲ್ಲ. ತಿಂಗಳೊಳಗೆ ಕಾಯಿಲೆ ಮರುಕಳಿಸುತ್ತದೆ, ಅತ್ತೆಮನೆಯವರಿಗೆ ಮೋಸ ಹೋದೆವೆನ್ನಿಸುತ್ತದೆ. ಬಚ್ಚಿಟ್ಟುಕೊಂಡೇ ನುಂಗಿದರೆ ಇನ್ನೊಂದು ಅಪಾಯ. ಆ ಮಾತ್ರೆ ವಾಲ್‌ಪ್ರೊಯೇಟ್ ಆಗಿದ್ದರೆ, ಗರ್ಭಿಣಿಯಾದ ಮೊದಲ ವಾರಗಳಲ್ಲೇ ಮಗುವಿನ ಬೆನ್ನುಹುರಿಗೆ ತೊಂದರೆಯಾಗಬಹುದು. ಮೊದಲೇ ಹೇಳಿದ್ದರೆ ವೈದ್ಯರು ಬೇರೆ ಮಾತ್ರೆಗೆ ಬದಲಿಸಿರುತ್ತಿದ್ದರು. ಹೇಳುವುದು ಮೊದಲ ಭೇಟಿಯಲ್ಲಲ್ಲ, ಛತ್ರ ಗೊತ್ತುಮಾಡಿದ ಮೇಲೂ ಅಲ್ಲ. ಹುಡುಗ ಹುಡುಗಿ ಎರಡು ಮೂರು ಸಲ ಮಾತಾಡಿ, ಮಾತು ಮುಂದೆ ಹೋಗಬಹುದು ಎನ್ನಿಸಿದಾಗ, ನಿಶ್ಚಿತಾರ್ಥಕ್ಕೆ ಮುಂಚೆ. ಬೇಕಿದ್ದರೆ ಅವರನ್ನೂ ವೈದ್ಯರ ಹತ್ತಿರ ಕರೆದೊಯ್ಯಬಹುದು. ಕಾನೂನಿನ ಬಗ್ಗೆಯೂ ತಪ್ಪು ತಿಳಿವಳಿಕೆಯಿದೆ. ಕಾಯಿಲೆಯ ಹೆಸರಿದ್ದ ಮಾತ್ರಕ್ಕೆ ವಿಚ್ಛೇದನ ಸಿಗುವುದಿಲ್ಲ, ಒಟ್ಟಿಗೆ ಬಾಳಲಾಗದಷ್ಟು ತೀವ್ರತೆ ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ.

ಕಚೇರಿಯವರಿಗೆ ಮೂರು ಮಾತು. ಖಿನ್ನತೆಗೆ ರಜೆ ಹಾಕಿ 'ವೈರಲ್ ಫೀವರ್' ಎಂದು ಸರ್ಟಿಫಿಕೇಟ್ ಕೇಳುವುದು ಮಾಮೂಲಿ. ಸುಳ್ಳು ಸರ್ಟಿಫಿಕೇಟ್ ಕೊಡುವುದು ವೈದ್ಯರ ಮಟ್ಟಿಗೆ ವೃತ್ತಿ ದುರ್ನಡತೆ. ನಿಮಗೂ ನಷ್ಟವೇ. ವರ್ಷದಲ್ಲಿ ಐದು ಸಲ ಜ್ವರ ಬಂದವನನ್ನು ಮೇಲಧಿಕಾರಿ ಮೈಗಳ್ಳ ಎಂದು ಬರೆದಿಡುತ್ತಾರೆ, ಮುಂದೆ ಕಾನೂನಿನ ರಕ್ಷಣೆ ಕೇಳಲು ಹೋದರೆ ಕೈಯಲ್ಲಿ ಕಾಗದವಿರುವುದಿಲ್ಲ. ವಿಮೆಯಲ್ಲೂ ಇದೇ ಕತೆ. 2017ರ ಕಾಯ್ದೆಯ 21ನೇ ಸೆಕ್ಷನ್ ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕೆನ್ನುತ್ತದೆ. ಎಲ್ಲ ಪಾಲಿಸಿಗಳೂ 2022ರ ಅಕ್ಟೋಬರ್ 31ರೊಳಗೆ ಇದಕ್ಕೆ ಹೊಂದಿಕೊಳ್ಳಬೇಕೆಂದು ವಿಮಾ ಪ್ರಾಧಿಕಾರ ಸೂಚಿಸಿತ್ತು. ಆದರೆ ಅರ್ಜಿಯಲ್ಲಿ 'ಹಿಂದೆ ಯಾವುದಾದರೂ ಕಾಯಿಲೆ?' ಎಂಬಲ್ಲಿ 'ಇಲ್ಲ' ಎಂದು ಟಿಕ್ ಮಾಡಿದರೆ, ಮುಂದೆ ಕ್ಲೇಮು ಬಂದಾಗ ವಿಷಯ ಮುಚ್ಚಿಟ್ಟಿರಿ ಎಂದು ತಳ್ಳಿಹಾಕಲು ಅದೇ ಟಿಕ್ ಆಧಾರವಾಗುತ್ತದೆ. ಹೊರರೋಗಿ ಫೀಸು, ತಿಂಗಳ ಮಾತ್ರೆ ಹೆಚ್ಚಿನ ಪಾಲಿಸಿಗಳಲ್ಲಿ ಬರುವುದಿಲ್ಲ, ಓದಿಯೇ ಕೊಳ್ಳಿ.

ಇನ್ನು ರಜೆ ಮುಗಿಸಿ ಬಂದ ಸಹೋದ್ಯೋಗಿ. ನಾವು ಎರಡರಲ್ಲೊಂದು ಮಾಡುತ್ತೇವೆ. ಏನೂ ಆಗಿಲ್ಲವೆಂಬಂತೆ ಮೊದಲ ದಿನವೇ ಬಾಕಿ ಕೆಲಸ ಪೂರ್ತಿ ಹೇರುತ್ತೇವೆ, ಇಲ್ಲವೇ 'ಪಾಪ, ಅವರಿಗೆ ಟೆನ್ಷನ್ ಬೇಡ' ಎಂದು ಇದ್ದ ಜವಾಬ್ದಾರಿಯನ್ನೂ ಕಿತ್ತುಕೊಳ್ಳುತ್ತೇವೆ. ಎರಡನೆಯದು ಕರುಣೆಯ ಬಟ್ಟೆ ಹಾಕಿಕೊಂಡ ದೂರ. ಮೊದಲ ಎರಡು ವಾರ ಅರ್ಧ ಕೆಲಸ, ನಾಲ್ಕನೇ ವಾರಕ್ಕೆ ಪೂರ್ತಿ, ಪ್ರತಿ ಶುಕ್ರವಾರ ಹತ್ತು ನಿಮಿಷದ ಮಾತು, ಇಷ್ಟನ್ನು ಬರೆದಿಟ್ಟುಕೊಂಡರೆ ಬಹಳಷ್ಟು ಕಡೆ ಸಾಕಾಗುತ್ತದೆ. ಕೆಲವು ಮಾತ್ರೆಗಳು ಬೆಳಗ್ಗೆ ಮಂಪರು ತರಿಸುತ್ತವೆ, ಒಂಬತ್ತರ ಬದಲು ಹತ್ತೂವರೆಗೆ ಬರಲು ಬಿಡಿ. ಬೈಪೋಲಾರ್ ಇರುವವರಿಗೆ ನಿದ್ದೆಗೆಟ್ಟರೆ ಕಾಯಿಲೆ ಮರಳುವ ಸಂಭವ ಹೆಚ್ಚು, ಹಾಗಾಗಿ ರಾತ್ರಿ ಪಾಳಿ ಬೇಡ. ಅದಕ್ಕೆ ವೈದ್ಯರಿಂದ 'ವೈದ್ಯಕೀಯ ಕಾರಣದಿಂದ ಆರು ತಿಂಗಳು ರಾತ್ರಿ ಪಾಳಿ ಬೇಡ' ಎಂಬ ಒಂದು ಸಾಲಿನ ಚೀಟಿ ತಂದರೆ ಪಾಳಿ ಹಾಕುವವರಿಗೆ ಅಷ್ಟು ಸಾಕು, ಕಾಯಿಲೆ ಯಾವುದೆಂದು ಅವರು ಕೇಳಬೇಕಾಗಿಲ್ಲ.